ಖೋಲ್ಯಾಗ ಛಲೋ, ಮಂಟಪದಾಗ ರಾಡಿ: ಗಿಟಾರ್ ಡಿಲೇ ಹದಕ್ಕೆ ತರುವುದು ಹೇಗೆ?

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ವಿಜಯಪುರದಾವ. ಎರಡು ವರ್ಷದಿಂದ ಒಂದು ಆರ್ಕೆಸ್ಟ್ರಾದಾಗ ಎಲೆಕ್ಟ್ರಿಕ್ ಗಿಟಾರ್ ಬಾರಸ್ತೀನಿ. ಮದುವಿ ರಿಸೆಪ್ಷನ್, ಜಾತ್ರಿ ರಸಮಂಜರಿ, ಗಣೇಶನ ಪೆಂಡಾಲ್ ಎಲ್ಲಾ ಕಡೆ ಹೋಗ್ತೀವಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬಾಸ್ ಕಂಪನಿ ಡಿಡಿ-3 ಡಿಲೇ ಪೆಡಲ್ ತಗೊಂಡೆ, ಬಾರ್ಸಿದ ನೋಟನ್ನ ತುಸು ತಡದು ಮರುದನಿ ಕೊಡೂದು. ಮನ್ಯಾಗ 10 ಬೈ 12ರ ಖೋಲ್ಯಾಗ ಭಾಳ ಛಲೋ ಕೇಳತೈತ್ರಿ. ಅದ ಸೆಟಿಂಗ್ ಕಲ್ಯಾಣ ಮಂಟಪದಾಗ ಹಾಕಿದ್ರ ಪೂರಾ ರಾಡಿ ಆಗಿಬಿಡತೈತಿ, ಯಾವ ನೋಟ್ ಬಾರ್ಸೀನಿ ಅಂತ ನನಗ ತಿಳಿಯೂದಿಲ್ಲ. ದನಿ ಒರಟು ಮಾಡೂ ಡಿಸ್ಟಾರ್ಷನ್ ಹಚ್ಚಿದ್ರಂತೂ ಕೇಳೂದ ಬ್ಯಾಡ. ತಾಳಕ್ಕ ಕೂಡಿ ಟಕಟಕ ಅನ್ನೂ ಡಿಲೇ ಬಾರ್ಸಾಕ ಹೋದ್ರ ಎರಡು ಸಾಲಿನ್ಯಾಗ ಢೋಲಕ್ ಒಂದು ಕಡೆ, ನಾ ಒಂದು ಕಡೆ. ಮ್ಯಾಲೆ ಪೆಡಲ್ ಹಚ್ಚಿದ ಕೂಡಲೆ ಸಣ್ಣಗ ಕುಂಯ್ ಅಂತ ದನಿ ಬರತೈತಿ. ಗೆಳ್ಯಾರು ‘ಡಿಜಿಟಲ್ ಐತಿ ಅದಕ್ಕ ಹಂಗ, ಅನಲಾಗ್ ತಗೋ’ ಅಂತಾರ. ಈ ಪೆಡಲ್ ಮಾರಿಬಿಡ್ಲೇನ್ರಿ?

ಉತ್ತರ: ಮಾರಬೇಡಿ, ಸದ್ಯಕ್ಕಂತೂ ಬೇಡ. ನಿಮ್ಮ ಪತ್ರದಲ್ಲಿ ನಾಲ್ಕು ತಕರಾರುಗಳಿವೆ: ಮಂಟಪದಲ್ಲಿ ರಾಡಿ, ಡಿಸ್ಟಾರ್ಷನ್ ಹಾಕಿದರೆ ಇನ್ನಷ್ಟು ರಾಡಿ, ತಾಳ ತಪ್ಪುವುದು, ಕುಂಯ್ ದನಿ. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಪೆಡಲ್ ಡಿಜಿಟಲ್ ಎಂಬ ಮಾತು ನಾಲ್ಕನೆಯದಕ್ಕೆ ಮಾತ್ರ ಸ್ವಲ್ಪ ತಗಲುತ್ತದೆ, ಅದಕ್ಕೂ ಪೆಡಲ್ ಬದಲಿಸುವ ಅಗತ್ಯವಿಲ್ಲ.

ಮೊದಲು ರಾಡಿಯ ಮಾತು. ನಿಮ್ಮೂರಲ್ಲೇ ಒಂದು ದೊಡ್ಡ ಡಿಲೇ ಪೆಡಲ್ ಇದೆ. ಶಾಲೆಯ ಪ್ರವಾಸದ ಮಕ್ಕಳು ಬರುವ ಮೊದಲು ಬೆಳಿಗ್ಗೆಯೇ ಗೋಳಗುಮ್ಮಟದ ಗ್ಯಾಲರಿ ಹತ್ತಿ ಒಂದೇ ಒಂದು ಚಪ್ಪಾಳೆ ತಟ್ಟಿ. ಮರುದನಿಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ದನಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಗೋಡೆ ಹಿಡಿದು ಒಂದು ಸುತ್ತು ಬರಲು, ಅಂದರೆ ಹತ್ತಿರಹತ್ತಿರ 120 ಮೀಟರ್ ದಾಟಲು, ಅದಕ್ಕೆ 350 ಮಿಲಿಸೆಕೆಂಡಿನಷ್ಟು ಬೇಕು. ಲೀಡ್ ಬಾರಿಸುವವರು ಡಿಲೇ ಇಟ್ಟುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟಕ್ಕೇ. ಇನ್ನು ಹತ್ತು ಗಂಟೆಗೆ ಐವತ್ತು ಮಕ್ಕಳು ಅದೇ ಗ್ಯಾಲರಿಯಲ್ಲಿ ಕೂಗತೊಡಗಿದರೆ ಒಂದು ಮರುದನಿಯೂ ಬಿಡಿಯಾಗಿ ಕಿವಿಗೆ ಬೀಳುವುದಿಲ್ಲ, ಬರೀ ಗದ್ದಲ. ಗುಮ್ಮಟ ಅದೇ. ಅದರೊಳಗೆ ಸುರಿದ ದನಿ ಹೆಚ್ಚಾಯಿತು, ಅಷ್ಟೇ.

ಕಲ್ಯಾಣ ಮಂಟಪದಲ್ಲಿ ಆಗುವುದೂ ಇದೇ. ನಿಮ್ಮ 10 ಬೈ 12ರ ಖೋಲಿಯಲ್ಲಿ ಹಾಸಿಗೆ, ಬಟ್ಟೆ, ಪರದೆ ಎಲ್ಲ ಸೇರಿ ದನಿಯನ್ನು ನುಂಗುತ್ತವೆ. ಅಲ್ಲಿ ಕೇಳುವ ಮರುದನಿ ಪೆಡಲಿನದು ಮಾತ್ರ. ಮಂಟಪದಲ್ಲಿ ನೆಲಕ್ಕೆ ಟೈಲ್ಸ್, ಮೇಲೆ ಆರ್‌ಸಿಸಿ ಸ್ಲ್ಯಾಬ್, ಎರಡೂ ಬದಿಗೆ ಬೋಳು ಗೋಡೆ. ವೇದಿಕೆಯಿಂದ ಹಿಂದಿನ ಗೋಡೆ 17 ಮೀಟರ್ ದೂರದಲ್ಲಿದ್ದರೆ ನಿಮ್ಮ ನೋಟು ಹೋಗಿ ವಾಪಸ್ ಬರಲು 100 ಮಿಲಿಸೆಕೆಂಡ್ ಸಾಕು. ನೀವು ಪೆಡಲ್ ಒತ್ತುವ ಮೊದಲೇ ಒಂದು ಡಿಲೇ ಅಲ್ಲಿ ಓಡುತ್ತಿರುತ್ತದೆ. ಎರಡನೆಯ ಡಿಲೇ ಮಿಕ್ಸರಿನಲ್ಲಿದೆ, ಹೆಚ್ಚಿನ ಸಲ ಅಸಲಿ ಕಳ್ಳ ಅದೇ. ಹಾಡುವವರಿಗೆಂದು ಆಪರೇಟರ್ ಎಕೋ ಹಾಕಿರುತ್ತಾರೆ. ಗಿಟಾರ್ ಚಾನೆಲ್‌ನ ಎಫೆಕ್ಟ್ ನಾಬ್ ಹಿಂದಿನ ಕಾರ್ಯಕ್ರಮದಲ್ಲಿ ಎಲ್ಲಿತ್ತೋ ಅಲ್ಲೇ ಉಳಿದಿರುತ್ತದೆ. ನಿಮ್ಮ ಪೆಡಲಿನಿಂದ ಬಂದ ಮೂರು ಮರುದನಿಗಳಿಗೆ ಮಿಕ್ಸರ್ ಮತ್ತೆ ಮೂರು ಮೂರು ಮರುದನಿ ಕೂಡಿಸುತ್ತದೆ, ಆ ಎಲ್ಲವನ್ನೂ ಮಂಟಪ ಇನ್ನೊಮ್ಮೆ ಕಲೆಸುತ್ತದೆ. ಖೋಲಿಯ ಸೆಟಿಂಗ್ ತಪ್ಪೇನಲ್ಲ, ಅದನ್ನು ಇಟ್ಟದ್ದು ಒಂದು ಡಿಲೇಯ ಲೆಕ್ಕದಲ್ಲಿ. ಮಂಟಪದಲ್ಲಿರುವುದು ಮೂರು.

ಹಾಗಾಗಿ ಮೊದಲ ಕೆಲಸಕ್ಕೆ ಪೆಡಲ್ ಮುಟ್ಟುವುದೇ ಬೇಡ. ಆಪರೇಟರ್ ಹತ್ತಿರ ಹೋಗಿ, ‘ಅಣ್ಣಾ, ಗಿಟಾರ್ ಚಾನೆಲ್‌ನ್ಯಾಗ ಎಕೋ ಪೂರಾ ಬಂದ್ ಮಾಡ್ರಿ, ನನ್ನ ಕಡೆ ಪೆಡಲ್ ಐತಿ’ ಅನ್ನಿ. ರಾಡಿಯ ದೊಡ್ಡ ಪಾಲು ಇಷ್ಟರಲ್ಲೇ ಹೋಗುವುದುಂಟು. ಆಮೇಲೆ ಪೆಡಲ್ ಆಫ್ ಇಟ್ಟು ವೇದಿಕೆ ಮೇಲಿಂದ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ದನಿ ಎರಡು ಸೆಕೆಂಡ್ ಕಾಲ ಗುಂಯ್‌ಗುಡುತ್ತಿದ್ದರೆ ಆ ಮಂಟಪದಲ್ಲಿ ಡಿಲೇ ಉಪ್ಪಿನಷ್ಟೇ ಇರಬೇಕು: ಮರುದನಿಯ ಜೋರು ಹೊಂದಿಸುವ ಇ.ಲೆವೆಲ್ ನಾಬ್ ಗಡಿಯಾರದ ಮುಳ್ಳು 9 ಗಂಟೆ ತೋರಿಸುವ ಜಾಗಕ್ಕೆ, ಮರುದನಿ ಎಷ್ಟು ಸಲ ಎಂದು ಹೊಂದಿಸುವ ಎಫ್.ಬ್ಯಾಕ್ ಪೂರ್ತಿ ಕೆಳಗೆ, ಅಂದರೆ ಒಂದೇ ಮರುದನಿ. ದನಿ ಅರ್ಧ-ಮುಕ್ಕಾಲು ಸೆಕೆಂಡಿಗೆ ಸತ್ತರೆ ಇ.ಲೆವೆಲ್ 10-11 ಗಂಟೆಗೆ ಏರಿಸಿ, ಮರುದನಿ ಎರಡೋ ಮೂರೋ ಇರಲಿ. ಸೌಂಡ್ ಚೆಕ್ ಮಾಡುವಾಗ ಮಂಟಪ ಖಾಲಿ ಇರುತ್ತದೆ. ಐನೂರು ಜನ ಬಂದು ಕುಳಿತ ಮೇಲೆ ಅವರ ಬಟ್ಟೆಬರೆಯೇ ಸಾಕಷ್ಟು ದನಿ ಹೀರುತ್ತದೆ, ಆಗ ಇ.ಲೆವೆಲ್ ಸ್ವಲ್ಪ ಮೇಲೆ ತರಬಹುದು. ಸಿದ್ಧೇಶ್ವರ ಜಾತ್ರೆಯಂಥ ಬಯಲು ವೇದಿಕೆಯಲ್ಲಿ ದನಿ ತಿರುಗಿ ಬರಲು ಗೋಡೆಯೇ ಇಲ್ಲ. ಅಲ್ಲಿ ಖೋಲಿಯ ಸೆಟಿಂಗ್ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ, ಕೆಲವೊಮ್ಮೆ ಇನ್ನೂ ಒಂದಿಷ್ಟು ಬೇಕೆನಿಸುತ್ತದೆ.

ಎಫ್.ಬ್ಯಾಕ್ ನಾಬನ್ನು ತುಂಬ ಜನ ಕಣ್ಣುಮುಚ್ಚಿ ತಿರುಗಿಸುತ್ತಾರೆ, ಅದರ ಲೆಕ್ಕ ಸರಳ. ಪ್ರತಿ ಮರುದನಿ ತನ್ನ ಹಿಂದಿನದರ ಅರ್ಧ ಇದ್ದರೆ ಪ್ರತಿ ಸಲ 6 ಡೆಸಿಬಲ್ ಇಳಿಯುತ್ತದೆ. ನಾಲ್ಕನೆಯದು ಬರುವಾಗ ಮೊದಲನೆಯದಕ್ಕಿಂತ 18 ಡೆಸಿಬಲ್ ಕೆಳಗೆ. 350 ಮಿಲಿಸೆಕೆಂಡಿಗೆ ಒಂದರಂತೆ ನಾಲ್ಕು ಮರುದನಿ ಎಂದರೆ 1.4 ಸೆಕೆಂಡ್ ಬಾಲ. ನಿಮಿಷಕ್ಕೆ 120 ಬೀಟಿನ ಹಾಡಿನಲ್ಲಿ ನಾಲ್ಕು ಬೀಟಿನ ಒಂದು ಬಾರ್ ಮುಗಿಯಲು 2 ಸೆಕೆಂಡ್. ಬಾರಿನ ಕೊನೆಗೆ ಬಾರಿಸಿದ ನೋಟಿನ ಬಾಲ ಮುಂದಿನ ಕಾರ್ಡಿನ ಮೇಲೆ ಹೋಗಿ ಬೀಳುವುದು ಖಂಡಿತ. ಕಾರ್ಡ್ ಬೇಗ ಬೇಗ ಬದಲಾಗುವ ಹಾಡಿಗೆ ಬಾಲ ಗಿಡ್ಡ ಇರಲಿ. ಬೆಂಡ್ ಮಾಡುವಾಗಲೂ ಇದೇ ತೊಂದರೆ: ನೀವು ಸ ಹಿಡಿದು ತಂತಿ ಎಳೆದು ರಿ ಮುಟ್ಟುವಷ್ಟರಲ್ಲಿ ಪೆಡಲ್ ಹಿಂದಿನಿಂದ ಇನ್ನೂ ಸ ಅನ್ನುತ್ತಿರುತ್ತದೆ. ಮರುದನಿ ಮೆಲ್ಲಗಿದ್ದರೆ ಅದು ನೆರಳಿನಂತೆ ಹಿತ, ಜೋರಾಗಿದ್ದರೆ ಅಪಸ್ವರ.

ಡಿಸ್ಟಾರ್ಷನ್ ಹಾಕಿದಾಗ ಕೆಡುವುದಕ್ಕೆ ಕಾರಣ ಜೋಡಣೆಯ ಕ್ರಮ. ಡಿಲೇ ಮೊದಲು, ಡಿಸ್ಟಾರ್ಷನ್ ನಂತರ ಇಟ್ಟಿದ್ದೀರಿ ಎಂಬುದು ನನ್ನ ಅಂದಾಜು. ಡಿಸ್ಟಾರ್ಷನ್ ಮಾಡುವುದೇ ಅಲೆಯ ತಲೆ ಕತ್ತರಿಸುವ ಕೆಲಸ. ಒಳಗೆ ಬರುವ ದನಿ ಅರ್ಧಕ್ಕೆ ಇಳಿದರೂ ಅದು ಅದೇ ಎತ್ತರಕ್ಕೆ ಕತ್ತರಿಸುತ್ತದೆ, ಹೊರಗೆ ಬರುವ ಜೋರು ಹೆಚ್ಚು ಬದಲಾಗುವುದಿಲ್ಲ. ಮೆಲ್ಲಗೆ ಸಾಯಬೇಕಿದ್ದ ಮರುದನಿಗಳೆಲ್ಲ ಅಸಲು ನೋಟಿನಷ್ಟೇ ಗಟ್ಟಿಯಾಗಿ ಎದ್ದು ನಿಲ್ಲುತ್ತವೆ. ಸಾಲದ್ದಕ್ಕೆ, ಎರಡು ನೋಟು ಒಟ್ಟಿಗೆ ಡಿಸ್ಟಾರ್ಷನ್ ಒಳಹೊಕ್ಕರೆ ಅಲ್ಲಿ ಹೊಸ ದನಿಗಳು ಹುಟ್ಟುತ್ತವೆ: 440 ಹರ್ಟ್ಸ್ ನೋಟಿನ ಮೇಲೆ ಅದರ ಮುಂದಿನ 494 ಹರ್ಟ್ಸ್ ನೋಟು ಬಿದ್ದರೆ ಎರಡರ ವ್ಯತ್ಯಾಸದ 54 ಹರ್ಟ್ಸ್ ಗುಡುಗು ಕೆಳಗಿನಿಂದ ಬರುತ್ತದೆ. ನೀವು ರಾಡಿ ಅಂದದ್ದು ಇದನ್ನೇ.

ಆದ್ದರಿಂದ ಗಿಟಾರಿನಿಂದ ಮೊದಲು ಟ್ಯೂನರ್, ವಾ-ವಾ ಪೆಡಲ್ ಇದ್ದರೆ ಅದು, ಆಮೇಲೆ ಓವರ್‌ಡ್ರೈವ್ ಅಥವಾ ಡಿಸ್ಟಾರ್ಷನ್, ಅದಾದ ಮೇಲೆ ಕೋರಸ್ ಪೆಡಲ್, ಕೊನೆಗೆ ಡಿಲೇ. ಡಿಸ್ಟಾರ್ಷನ್ ಆಂಪಿನದೇ ಆಗಿದ್ದರೆ ಡಿಲೇ ಹೋಗಬೇಕಾದ್ದು ಆಂಪಿನ ಹಿಂಬದಿಯ ಸೆಂಡ್-ರಿಟರ್ನ್ ಜಾಕುಗಳ ನಡುವೆ. ಆ ಸೌಕರ್ಯವಿಲ್ಲದ ಸಣ್ಣ ಆಂಪ್ ಆದರೆ ಆಂಪನ್ನು ಕ್ಲೀನ್ ಇಟ್ಟು ಡಿಸ್ಟಾರ್ಷನ್ ಪೆಡಲಿನಿಂದಲೇ ತೆಗೆಯಿರಿ. ಆರ್ಕೆಸ್ಟ್ರಾಗಳಲ್ಲಿ ಆಂಪೇ ಇಲ್ಲದೆ ಪೆಡಲಿನಿಂದ ನೇರ ಮಿಕ್ಸರಿಗೆ ವೈರು ಕೊಡುವ ರೂಢಿಯೂ ಇದೆ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲಿನ ಕರ್ಕಶವನ್ನು ತಾನೇ ತಡೆಯುತ್ತದೆ, ಸಭೆಗೆ ಕೇಳಿಸುವ ಪಿಎ ಬಾಕ್ಸ್ ತಡೆಯುವುದಿಲ್ಲ. ಆಗ ಡಿಸ್ಟಾರ್ಷನ್ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ, ಡಿಲೇ ಆ ಸೊಳ್ಳೆಯನ್ನು ನಾಲ್ಕು ಮಾಡುತ್ತದೆ. ಹೀಗೆ ಬಾರಿಸುವವರು ಡಿಸ್ಟಾರ್ಷನ್ ಆದ ಮೇಲೆ, ಗಿಟಾರ್ ಸ್ಪೀಕರಿನಂತೆ ದನಿ ಸೋಸುವ ಕ್ಯಾಬ್ ಸಿಮ್ಯುಲೇಟರ್ ಇಟ್ಟು ಅದರ ನಂತರ ಡಿಲೇ ಇಡಲಿ. ಇಲ್ಲದಿದ್ದರೆ ಆ ಚಾನೆಲ್‌ನ ಹೈ ನಾಬ್ ಚೆನ್ನಾಗಿ ಇಳಿಸಲು ಆಪರೇಟರಿಗೆ ಹೇಳಿ.

ಇನ್ನು ತಾಳ. ನಿಮಗೆ ಬೇಕಾದ ಆ ಟಕಟಕ ಡಿಲೇಯನ್ನು ಜಗತ್ತಿಗೆ ಪರಿಚಯ ಮಾಡಿಸಿದ್ದರಲ್ಲಿ ಯು2 ಬ್ಯಾಂಡಿನ ಗಿಟಾರ್ ವಾದಕ ಎಡ್ಜ್ ಅವರ ಪಾಲು ದೊಡ್ಡದು. ಇಂಗ್ಲಿಷ್ ಪಾಠಗಳಲ್ಲಿ ಅದಕ್ಕೆ ಡಾಟೆಡ್ ಏಯ್ತ್ ಅನ್ನುತ್ತಾರೆ, ನಮಗೆ ತಕಧಿಮಿ ಸಾಕು. ಒಂದು ಬೀಟನ್ನು ತ-ಕ-ಧಿ-ಮಿ ಎಂದು ನಾಲ್ಕು ಮಾಡಿ. ನೀವು ಬಾರಿಸಿದ್ದು ‘ತ’ ಮೇಲೆ, ಮರುದನಿ ಬೀಳಬೇಕಾದ್ದು ‘ಮಿ’ ಮೇಲೆ. ನೀವು ‘ತ’ ಮತ್ತು ‘ಧಿ’ ಮಾತ್ರ ಬಾರಿಸುತ್ತ ಹೋದರೆ ನಡುವಿನ ‘ಕ’, ‘ಮಿ’ ಎರಡನ್ನೂ ಪೆಡಲ್ ತುಂಬುತ್ತದೆ. ಕೇಳುವವರಿಗೆ ನೀವು ಎರಡರಷ್ಟು ವೇಗವಾಗಿ ಬಾರಿಸಿದಂತೆ ಭಾಸ. ಇದು ಕಟ್ಟುವುದು ಮರುದನಿ ಅಸಲು ನೋಟಿಗೆ ಸಮಸಮ ಇದ್ದಾಗ, ಹಾಗಾಗಿ ಇದೊಂದಕ್ಕೆ ಇ.ಲೆವೆಲ್ ಎತ್ತಬೇಕು. ಎಫ್.ಬ್ಯಾಕ್ ಮಾತ್ರ ಒಂದೆರಡು ಮರುದನಿಗೇ ನಿಲ್ಲಲಿ. ದನಿ ಕ್ಲೀನ್ ಇರಲಿ, ಬಲಗೈ ಅಂಗೈಯನ್ನು ಬ್ರಿಜ್ ಹತ್ತಿರ ತಂತಿಗೆ ತುಸು ತಾಗಿಸಿ ನೋಟು ಗಿಡ್ಡ ಮಾಡಿ.

ಎಷ್ಟು ಮಿಲಿಸೆಕೆಂಡ್? 45,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ಅಂಕಿ) ಭಾಗಿಸಿ: 120ಕ್ಕೆ 375, 90ಕ್ಕೆ 500. ಆದರೆ ಮರುದನಿ ಎಷ್ಟು ತಡ ಎಂದು ಹೊಂದಿಸುವ ನಿಮ್ಮ ಡಿಡಿ-3ರ ಡಿ.ಟೈಮ್ ನಾಬಿನ ಸುತ್ತ ಮಿಲಿಸೆಕೆಂಡಿನ ಅಂಕಿ ಇಲ್ಲ. ಮೋಡ್ ಎಸ್ ಇದ್ದರೆ 50ರ ತನಕ, ಎಂ ಇದ್ದರೆ 50ರಿಂದ 200, ಎಲ್ ಇದ್ದರೆ 200ರಿಂದ 800, ಇಷ್ಟೇ ಗೊತ್ತಾಗುವುದು. ಎಲ್ ಮೋಡಿನಲ್ಲಿ ನಾಬ್ ಕೂದಲೆಳೆ ಸರಿದರೂ ಹತ್ತಿಪ್ಪತ್ತು ಮಿಲಿಸೆಕೆಂಡ್ ಸರಿಯುತ್ತದೆ. ಅಂದಾಜಿಗೆ ಇಟ್ಟರೆ ಢೋಲಕ್ ಜೊತೆ ಕೂಡುವುದು ಅದೃಷ್ಟದ ಮಾತು.

ಇದಕ್ಕೊಂದು ಉಪಾಯವಿದೆ. ಸಮವೇಗದಲ್ಲಿ ಕ್ಲಿಕ್ ಅನ್ನುವ ಮೊಬೈಲಿನ ಮೆಟ್ರೊನೋಮಿಗೆ ಹಾಡಿನ ವೇಗ ಹಾಕಬೇಡಿ. ಅದನ್ನು 4ರಿಂದ ಗುಣಿಸಿ 3ರಿಂದ ಭಾಗಿಸಿ ಹಾಕಿ. ಹಾಡು 120 ಇದ್ದರೆ ಮೆಟ್ರೊನೋಮ್ 160ಕ್ಕೆ, 105 ಇದ್ದರೆ 140ಕ್ಕೆ, 90 ಇದ್ದರೆ 120ಕ್ಕೆ. ಈಗ ಒಂದು ಕ್ಲಿಕ್ಕಿನಿಂದ ಮುಂದಿನ ಕ್ಲಿಕ್ಕಿಗೆ ಇರುವ ಅಂತರವೇ ನಿಮಗೆ ಬೇಕಾದ ಡಿಲೇ. ದನಿ ಕ್ಲೀನ್ ಇಟ್ಟು, ಇ.ಲೆವೆಲ್ ಏರಿಸಿ, ಎಫ್.ಬ್ಯಾಕ್ ಕೆಳಗಿಟ್ಟು, ಎಡಗೈಯಿಂದ ತಂತಿ ಅದುಮಿ ಒಂದು ಕ್ಲಿಕ್ ಮೇಲೆ ಟಕ್ ಅನ್ನಿಸಿ. ಮರುದನಿ ಮುಂದಿನ ಕ್ಲಿಕ್ಕಿಗಿಂತ ಮೊದಲೇ ಬಂದರೆ ಡಿ.ಟೈಮ್ ಬಲಕ್ಕೆ, ತಡವಾದರೆ ಎಡಕ್ಕೆ. ಹೆಚ್ಚುಕಡಿಮೆ ಕೂಡಿತು ಅನ್ನಿಸಿದ ಮೇಲೆ ಎಫ್.ಬ್ಯಾಕ್ ಏರಿಸಿ ಆರು ಮರುದನಿ ಬರುವಂತೆ ಮಾಡಿ ಮತ್ತೊಮ್ಮೆ ಟಕ್. ಮೊದಲನೆಯದರಲ್ಲಿ ಕಿವಿಗೆ ಸಿಗದ 10 ಮಿಲಿಸೆಕೆಂಡ್ ತಪ್ಪು ಆರನೆಯದಕ್ಕೆ 60 ಆಗಿ ಎದ್ದು ಕಾಣುತ್ತದೆ. ಆರೂ ಕ್ಲಿಕ್ ಮೇಲೆಯೇ ಕೂತಾಗ ನಾಬಿನ ಗೆರೆ ಎಲ್ಲಿದೆಯೋ ಅಲ್ಲಿ ಪೆಡಲಿನ ಮೈಮೇಲೆ ಬಿಳಿ ಮಾರ್ಕರಿನಿಂದ ಚುಕ್ಕೆ ಇಟ್ಟು, ಎಫ್.ಬ್ಯಾಕ್ ಮತ್ತೆ ಇಳಿಸಿ. ನೀವು ಪದೇ ಪದೇ ಬಾರಿಸುವ ಮೂರು ವೇಗಗಳಿಗೆ ಮೂರು ಬಣ್ಣದ ಚುಕ್ಕೆ ಸಾಕು.

ಇಷ್ಟು ಮಾಡಿಯೂ ವೇದಿಕೆಯಲ್ಲಿ ತಪ್ಪಬಹುದು, ಯಾಕೆಂದರೆ ಪೆಡಲ್ ತನ್ನ ವೇಗ ಬಿಡುವುದಿಲ್ಲ, ಢೋಲಕ್ ಬಾರಿಸುವವರು ಹುರುಪಿಗೆ ಬಿದ್ದರೆ ಬಿಡುತ್ತಾರೆ. 120ರಲ್ಲಿ ಶುರುವಾದ ಹಾಡು ಎರಡನೆಯ ಚರಣಕ್ಕೆ 125 ಮುಟ್ಟಿದರೆ ಬೇಕಾದ್ದು 360, ನಿಮ್ಮಲ್ಲಿರುವುದು 375. ಮೊದಲ ಮರುದನಿ 15 ಮಿಲಿಸೆಕೆಂಡ್ ತಡ, ಅದನ್ನು ಕಿವಿ ಕ್ಷಮಿಸುತ್ತದೆ. ನಾಲ್ಕನೆಯದು 60 ತಡ, ಅದನ್ನು ಕ್ಷಮಿಸುವುದಿಲ್ಲ. ಒಂದೆರಡು ಮರುದನಿಗೇ ನಿಲ್ಲಲಿ ಎಂದದ್ದು ಇದಕ್ಕೇ. ರಿದಮ್ ಪ್ಯಾಡಿನಲ್ಲಿ ಲೂಪ್ ಓಡಿಸುವ ಹಾಡುಗಳಿಗೆ ಈ ಡಿಲೇ ನಿಶ್ಚಿಂತೆಯಿಂದ ಹಾಕಬಹುದು. ಕೈಯಿಂದ ಬಾರಿಸುವ ತಾಳಕ್ಕೆ ಇದರ ಮೋಹ ಬಿಟ್ಟು 100-130 ಮಿಲಿಸೆಕೆಂಡಿನ ಒಂದೇ ಮರುದನಿ ಹಾಕುವುದು ಜಾಣತನ: ಮೋಡ್ ಎಂ, ಎಫ್.ಬ್ಯಾಕ್ ಸೊನ್ನೆ, ಇ.ಲೆವೆಲ್ 11 ಗಂಟೆ. ಗಿಟಾರ್ ಮೈ ತುಂಬಿಕೊಳ್ಳುತ್ತದೆ, ವೇಗ ಹೆಚ್ಚುಕಡಿಮೆಯಾದರೂ ತಾಳಕ್ಕೆ ಅಡ್ಡ ಬರುವುದಿಲ್ಲ.

ದಾದರಾ ತಾಳದ ಹಾಡಿಗೆ ತಕಧಿಮಿ ಲೆಕ್ಕ ಹಾಕಲೇಬೇಡಿ. ಧಾ ಧೀ ನಾ, ಧಾ ತೂ ನಾ ಎಂದು ಮೂರು ಮೂರರಲ್ಲಿ ನಡೆಯುವ ತಾಳಕ್ಕೆ ನಾಲ್ಕರ ಪಾಲು ಹೊಂದುವುದಿಲ್ಲ. ಅಲ್ಲಿ ಒಂದು ಮಾತ್ರೆಗೆ ಒಂದು ಮರುದನಿ: ನಿಮಿಷಕ್ಕೆ 180 ಮಾತ್ರೆ ಇದ್ದರೆ 333 ಮಿಲಿಸೆಕೆಂಡ್.

ಈಗ ನಿಮ್ಮ ಗೆಳೆಯರ ಮಾತು. ಅನಲಾಗ್ ಡಿಲೇಯ ಹೃದಯದಲ್ಲಿರುವುದು 1969ರಲ್ಲಿ ಫಿಲಿಪ್ಸ್ ಕಂಪನಿಯ ಸ್ಯಾಂಗ್‌ಸ್ಟರ್ ಮತ್ತು ಟೀರ್ ಕಂಡುಹಿಡಿದ ಬಕೆಟ್ ಬ್ರಿಗೇಡ್ ಎಂಬ ಚಿಪ್. ಬಾವಿಯಿಂದ ಹೊಲದ ತನಕ ಜನ ಸಾಲಾಗಿ ನಿಂತು ಕೊಡ ಕೈಬದಲಿಸಿದಂತೆ ಅದರಲ್ಲಿ ದನಿ ಸಾವಿರಾರು ಹಂತ ದಾಟುತ್ತದೆ. ಹಳೆಯ ಹೆಸರಾಂತ ಎಂಎನ್3005 ಚಿಪ್‌ನಲ್ಲಿ 4,096 ಹಂತಗಳಿದ್ದವು. ಹೆಚ್ಚು ತಡ ಬೇಕೆಂದರೆ ಕೈಬದಲಿಸುವ ವೇಗ ತಗ್ಗಿಸಬೇಕು. 205 ಮಿಲಿಸೆಕೆಂಡ್ ತಡಕ್ಕೆ ಆ ಚಿಪ್‌ನ ಗಡಿಯಾರ (ಕೈಬದಲಿಸುವ ವೇಗ ಕಾಯುವ ಭಾಗ) 10 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಅಷ್ಟು ಇಳಿದರೆ ಮೇಲಿನ ಚೂಪು ದನಿಗಳು ಉಳಿಯುವುದಿಲ್ಲ, ಅವನ್ನು ಫಿಲ್ಟರ್ ಹಾಕಿ ಮೊದಲೇ ಕತ್ತರಿಸಿರುತ್ತಾರೆ. ಜನ ‘ವಾರ್ಮ್’ ಅನ್ನುವುದು ಈ ಮೊಂಡು ದನಿಗೆ. ಇದು ಬರೀ ಭ್ರಮೆಯಲ್ಲ, ಉಪಯೋಗವಿದೆ: ಮೊಂಡಾದ ಮರುದನಿ ಅಸಲು ನೋಟಿನ ಹಿಂದೆ ಸರಿದು ನಿಲ್ಲುತ್ತದೆ. ಡಿಡಿ-3ರ ಮರುದನಿ ಹೆಚ್ಚುಕಡಿಮೆ ಅಸಲಿನಷ್ಟೇ ಚೂಪು, ಅದನ್ನು ಮೊಂಡು ಮಾಡುವ ಟೋನ್ ನಾಬ್ ಅದರಲ್ಲಿಲ್ಲ. ಅನಲಾಗ್ ಎದುರು ನಿಮ್ಮ ಪೆಡಲಿನ ನಿಜವಾದ ಮಿತಿ ಇದೊಂದೇ, ಮಂಟಪದಲ್ಲಿ ಇ.ಲೆವೆಲ್ ತಗ್ಗಿಸಿ ನಡೆಸಬೇಕು. ಅದೇ ತಕಧಿಮಿ ಡಿಲೇಗೆ ಈ ಚೂಪೇ ಬೇಕು, ಮೊಂಡಾದರೆ ‘ಮಿ’ ಕೇಳುವುದೇ ಇಲ್ಲ.

ಕುಂಯ್ ದನಿಗೆ ಒಂದು ಪರೀಕ್ಷೆ. ಡಿಲೇಯ ಅಡಾಪ್ಟರ್ ಕಿತ್ತು ಅದಕ್ಕೊಂದು ಹೊಸ 9 ವೋಲ್ಟ್ ಚೌಕ ಬ್ಯಾಟರಿ ಹಾಕಿ, ಉಳಿದ ಪೆಡಲ್‌ಗಳು ಇದ್ದಂತೆ ಇರಲಿ. ದನಿ ನಿಂತರೆ ತಪ್ಪು ಕರೆಂಟಿನದು: ಒಂದೇ ಅಡಾಪ್ಟರಿನಿಂದ ಸರಪಳಿ ವೈರು ಎಳೆದು ಎಲ್ಲ ಪೆಡಲ್‌ಗೆ ಕೊಟ್ಟಾಗ ಡಿಜಿಟಲ್ ಪೆಡಲಿನೊಳಗಿನ ಗಡಿಯಾರದ ಸದ್ದು ಆ ವೈರಿನಲ್ಲೇ ಹಿಂದೆ ಹೋಗಿ ಡಿಸ್ಟಾರ್ಷನ್ ಒಳಗೆ ದೊಡ್ಡದಾಗುತ್ತದೆ. ಡಿಲೇಗೆ ಮಾತ್ರ ಬೇರೆ ಅಡಾಪ್ಟರ್ ಕೊಡಿ, ಇಲ್ಲವೇ ಪ್ರತಿ ಔಟ್‌ಪುಟ್ ಪ್ರತ್ಯೇಕವಾಗಿರುವ ಪವರ್ ಸಪ್ಲೈ ಕೊಳ್ಳಿ. ಬ್ಯಾಟರಿಯಲ್ಲೇ ಕಾರ್ಯಕ್ರಮ ನಡೆಸುವ ಯೋಚನೆ ಬೇಡ, ಡಿಜಿಟಲ್ ಡಿಲೇ ಅದನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಅಡಾಪ್ಟರ್ 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ಮೈನಸ್ ಇರಬೇಕು. ವೈಫೈ ರೌಟರಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುಭಾಗ ಪ್ಲಸ್. ಪಿನ್ ಸರಿಯಾಗಿ ಕೂತಿತೆಂದು ಹಚ್ಚಿದರೆ ಪೆಡಲ್ ಸುಡಬಹುದು.

ಕುಂಯ್ ಅಲ್ಲದೆ ದಪ್ಪ ದನಿಯಲ್ಲಿ ಹಮ್ ಬರುತ್ತಿದ್ದರೆ ಅದು ಹೆಚ್ಚಾಗಿ ಪೆಂಡಾಲಿನ ಅರ್ಥಿಂಗ್ ಸಮಸ್ಯೆ. ಆಂಪಿನ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಕಿತ್ತರೆ ಹಮ್ ಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಹೋಗಲೂಬಹುದು, ಆದರೆ ಗಿಟಾರಿನ ತಂತಿ ಆಂಪಿನ ಅರ್ಥಿಗೆ ಕೂಡಿರುತ್ತದೆ. ತಂತಿ ಹಿಡಿದ ಕೈ, ಮೈಕಿಗೆ ತಾಗಿದ ತುಟಿ, ಇವೆರಡರ ನಡುವೆ ಕರೆಂಟ್ ಹರಿದರೆ ಜೀವಕ್ಕೇ ಅಪಾಯ. ಪೆಂಡಾಲಿನಲ್ಲಿ ಶುರು ಮಾಡುವ ಮೊದಲು ಟೆಸ್ಟರನ್ನು ತಂತಿಗೂ ಮೈಕಿನ ಜಾಲರಿಗೂ ಮುಟ್ಟಿಸಿ ನೋಡಿ. ದೀಪ ಮಿನುಗಿದರೆ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವ ತನಕ ಗಿಟಾರ್ ಕೆಳಗಿಡಿ.

ಇಷ್ಟೆಲ್ಲ ಮಾಡಿ ನಾಲ್ಕೈದು ಕಾರ್ಯಕ್ರಮ ಕಳೆದ ಮೇಲೂ ಬೇರೆ ಪೆಡಲ್ ಬೇಕೆನಿಸಿದರೆ, ಯಾವ ಕೊರತೆ ಕಾಡುತ್ತಿದೆ ಎಂಬುದನ್ನು ನೋಡಿ ಕೊಳ್ಳಿ. ಹಾಡು ಹಾಡಿಗೆ ವೇಗ ಬದಲಿಸುವುದೇ ತಲೆನೋವಾದರೆ ಟ್ಯಾಪ್ ಟೆಂಪೊ (ತಾಳಕ್ಕೆ ತಟ್ಟಿ ಡಿಲೇ ಹೊಂದಿಸುವ ಸೌಕರ್ಯ) ಇರುವ ಡಿಡಿ-3ಟಿ ಅಥವಾ ಡಿಡಿ-8. ಡಿಡಿ-8ರಲ್ಲಿ ಅನಲಾಗ್, ಟೇಪ್ ಮೋಡುಗಳೂ ಇವೆ. ಕಾಲಿನಿಂದ ಟ್ಯಾಪ್ ಮಾಡುತ್ತ ಕೈಯಿಂದ ಬಾರಿಸುವುದಕ್ಕೆ ಮಾತ್ರ ಮನೆಯಲ್ಲಿ ರೂಢಿ ಬೇಕು, ಅರೆಬರೆ ಟ್ಯಾಪ್ ಮಾಡಿದರೆ ಈಗಿನದಕ್ಕಿಂತ ಕೆಡುತ್ತದೆ. ಬರೀ ಲೀಡ್ ಬಾರಿಸುತ್ತೀರಿ, ಚೂಪು ಮರುದನಿ ಕಿರಿಕಿರಿ ಎಂದಾದರೆ ಎಂಎಕ್ಸ್‌ಆರ್ ಕಾರ್ಬನ್ ಕಾಪಿಯಂಥ ಅನಲಾಗ್ ನಿಮಗೆ ಸರಿ. ಅದರ ಮಿತಿ 600 ಮಿಲಿಸೆಕೆಂಡ್, ಮಾಮೂಲಿ ಮಾದರಿಯಲ್ಲಿ ಟ್ಯಾಪ್ ಇಲ್ಲ. ಅನಲಾಗ್‌ನಲ್ಲಿ ಮರುದನಿಯ ನಾಬ್ ಮಿತಿ ಮೀರಿದರೆ ದನಿ ತನ್ನಷ್ಟಕ್ಕೇ ಬೆಳೆದು ಊಳಿಡತೊಡಗುತ್ತದೆ, ಕತ್ತಲ ವೇದಿಕೆಯಲ್ಲಿ ಕಾಲು ತಾಗಿದರೂ ಸಾಕು. ಮಲ್ಟಿ-ಎಫೆಕ್ಟ್ ಕೊಂಡರೆ ಹಾಡಿಗೊಂದು ಪ್ರಿಸೆಟ್ ಮಾಡಿ ಬಿಪಿಎಂ ಬರೆದಿಡಬಹುದು. ಹೆಡ್‌ಫೋನ್ ಹಾಕಿಕೊಂಡು ಖೋಲಿಯಲ್ಲಿ ಕೂತು ಮಾಡಿದ ಪ್ರಿಸೆಟ್ ಮಂಟಪದಲ್ಲಿ ಮತ್ತೆ ರಾಡಿಯಾಗುತ್ತದೆ, ಪ್ರತಿಯೊಂದರಲ್ಲೂ ಡಿಲೇ ಲೆವೆಲ್ ಮೂರನೇ ಒಂದು ಪಾಲು ಇಳಿಸಿದ ಇನ್ನೊಂದು ನಕಲು ಇಟ್ಟುಕೊಳ್ಳಿ.

ಬೆಳಗಾವಿಗೋ ಪುಣೆಗೋ ಹೋಗಿ ಮತ್ತೆ ಸೆಕೆಂಡ್ ಹ್ಯಾಂಡೇ ಕೊಳ್ಳುವುದಾದರೆ ನಿಮ್ಮದೇ ಬ್ಯಾಟರಿ, ನಿಮ್ಮದೇ ವೈರು ಒಯ್ಯಿರಿ. ಪ್ರತಿ ನಾಬನ್ನೂ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ತಿರುಗಿಸಿ ಕರಕರ ಸದ್ದು ಕೇಳಿ, ಜಾಕಿನಲ್ಲಿ ವೈರು ಅಲುಗಾಡಿಸಿ ನೋಡಿ. ನಾಬಿನ ಕರಕರ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುವುದುಂಟು. ಜಾಕ್ ಸಡಿಲಿದ್ದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.